ಮನೆಯ ಮಾತು: ಮಗಳನ್ನು ಕೇಳಿದವರಾರು?

ನಾಟಕವಾಗಲಿ ಬೋಲಪಟವಾಗಲಿ, ಅದನ್ನು ಪತ್ರಿಕೆಯ ವಿಮರ್ಶಕರು ಅಳೆಯುವ ಕೋಲು ಬೇರೆ, ಮನೆಯವರು ಅಳೆಯುವ ಕೋಲು ಬೇರೆ. ವಿಮರ್ಶಕರು ನಟನೆ, ಸಂಗೀತ, ಛಾಯಾಗ್ರಹಣಗಳ ವಿಷಯವಾಗಿ ಬರೆಯುವರು. ಮನೆಯವರಾದರೋ 'ಇದು ನಮ್ಮಲ್ಲಿಯೇ ನಡೆದಿದ್ದರೆ ನಾವೇನು ಮಾಡುತ್ತಿದ್ದೆವು?' ಎಂದು ಕೇಳಿಕೊಳ್ಳುವರು; ಉಣ್ಣುವಾಗಲೂ ಅದೇ ಮಾತು, ಮರುದಿನ ನೀರಿಗೆ ಹೋದಾಗಲೂ ಅದೇ ಮಾತು. ಈ ಎರಡನೆಯ ಬಗೆಯ ವಿಮರ್ಶೆಯು ಅಚ್ಚಾಗುವದು ವಿರಳ. ಆದುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಚಿತ್ರದ ಹೆಸರು 'ದಂಗಲ್'. 2016ರ ಡಿಸೆಂಬರ ತಿಂಗಳಲ್ಲಿ ತೆರೆಗೆ ಬಂದ ಹಿಂದೀ ಚಿತ್ರವಿದು. ನಿರ್ದೇಶಕರು ನಿತೇಶ ತಿವಾರಿಯವರು. ತಂದೆಯ ಪಾತ್ರವನ್ನು ವಹಿಸಿದವರು ಆಮೀರ ಖಾನರು. ಹರಿಯಾಣದ ಬಲಾಲಿ ಎಂಬ ಹಳ್ಳಿಯ ಪೈಲವಾನ ಮಹಾವೀರ ಸಿಂಗ ಫೋಗಾಟರು ತಮ್ಮ ಹೆಣ್ಣುಮಕ್ಕಳಾದ ಗೀತಾ, ಬಬಿತಾ ಇವರಿಗೆ ಕುಸ್ತಿ ಕಲಿಸಿದ ನಿಜವೃತ್ತಾಂತವೇ ಇದಕ್ಕೆ ಆಧಾರ. ಚಿತ್ರದಲ್ಲಿ, ದೇಶಕ್ಕೆ ಚಿನ್ನ ತರಬೇಕೆಂಬ ಆಸೆ ಈಡೇರದೆ ಉಳಿದ ತಂದೆಯು ಗಂಡುಮಗನ ದಾರಿ ಕಾಯುತ್ತಾನೆ. ಹುಟ್ಟಿದ ನಾಲ್ವರೂ ಹೆಣ್ಣುಮಕ್ಕಳು. ಒಂದು ದಿನ ಹಿರಿಯ ಮಕ್ಕಳಿಬ್ಬರು ತಮ್ಮನ್ನು ಬೈದ ಹುಡುಗರನ್ನು ಹಿಡಿದು ಬಡಿದು ಬಂದಾಗ, ಚಿನ್ನ ತರುವ ಕೈ ಹೆಣ್ಣಿನದೂ ಆಗಬಹುದೆಂದು ಅವನಿಗೆ ಹೊಳೆಯುತ್ತದೆ. ಅಲ್ಲಿಂದ ಮುಂದೆ ನಸುಕಿನ ಐದಕ್ಕೆ ಓಟ, ಮಟ್ಟಿಯಲ್ಲಿ ಹುಡುಗರೊಡನೆ ಸೆಣಸಾಟ, ಹುಳಿಖಾರದ ತಿನಿಸುಗಳಿಗೆ ಮನಾಯಿ, ಕಡೆಗೆ ಕೂದಲಿಗೂ ಕತ್ತರಿ.

ಇದನ್ನು ಗಂಗಾವತಿ ಸೀಮೆಯ ಸಿದ್ದಾಪುರದಲ್ಲಿ ಒಂದು ಓಣಿಯವರು ಒಬ್ಬರ ಮನೆಯ ಪಡಸಾಲೆಯಲ್ಲಿ ಟೀವಿಯ ಮುಂದೆ ನೆರೆದು ನೋಡಿದರು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಭತ್ತದ ನಾಡಾದ ಸೀಮೆ ಇದು. ಹೆಣ್ಣುಮಕ್ಕಳು ನಾಟಿಗೆ ಹೋಗಿ ಬಂದು, ಒಲೆ ಹಚ್ಚಿ ಅಡಿಗೆ ಮುಗಿಸಿದ ಮೇಲೆಯೇ ಚಿತ್ರಕ್ಕೆ ಕುಳಿತರು. ಹಿಂದಿ ತಿಳಿಯದ ಹಿರಿಯರಿಗೆ ಹುಡುಗರು ನಡುನಡುವೆ ಅರ್ಥ ಹೇಳುತ್ತಿದ್ದರು. ಕೂದಲು ಕತ್ತರಿಸುವ ದೃಶ್ಯಕ್ಕೆ ಮಾತ್ರ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಆ ಮನೆಯ ಅಜ್ಜಿಗೆ ಅಲ್ಲಿಯೇ ಕಣ್ಣೀರು ಬಂದಿತು. "ಏನು ತಪ್ಪು ಮಾಡಿದ್ದುವು ಯವ್ವಾ ಆ ಕೂಸುಗಳು? ತನ್ನ ಹಟಕ್ಕ ಮಕ್ಕಳ ತಲಿ ಬೋಳಸತಾನಲ್ಲ!" ಎಂದು ಅವರು ತಂದೆಯನ್ನು ಬಯ್ದರು. ಅವರ ಮಗ ಒಕ್ಕಲಿಗ. ಅವನಿಗೆ ಈ ಮಾತು ಸರಿಬೀಳಲಿಲ್ಲ. ಸಸಿಯನ್ನು ಕಿತ್ತು ಬೇರೆ ಕಡೆಗೆ ಹಚ್ಚದೆ ತೆನೆ ಬರಲಾರದು, ಮಕ್ಕಳಿಗೂ ಒಂದಿಷ್ಟು ಬಿಗಿ ಬೇಕು ಎಂಬುದು ಅವನ ವಾದ. ಕಾಲೇಜಿಗೆ ಹೋಗುವ ತರುಣನೊಬ್ಬನು ಸಸಿಗೆ ಮನಸ್ಸಿಲ್ಲ, ಮಕ್ಕಳಿಗೆ ಇದೆ ಎಂದು ಉತ್ತರ ಕೊಟ್ಟನು.

ಮನೆಯ ಸೊಸೆಯ ಕಣ್ಣು ಚಿತ್ರದ ತಾಯಿಯ ಮೇಲಿದ್ದಿತು. ಸಾಕ್ಷಿ ತನ್ವರರು ವಹಿಸಿದ ಈ ಪಾತ್ರಕ್ಕೆ ಮಾತು ಕಡಿಮೆ. ಗಂಡನು ಹೆಂಡತಿಯಿಂದ ಒಂದು ವರ್ಷದ ಅವಧಿಯನ್ನು ಬೇಡುತ್ತಾನೆ. ಅಷ್ಟರಲ್ಲಿ ಫಲ ಕಾಣದಿದ್ದರೆ ತನ್ನ ಕನಸನ್ನು ಬಿಟ್ಟುಕೊಡುವೆನೆನ್ನುತ್ತಾನೆ. "ಹೆಂಡತಿಯನ್ನಾದರೂ ಕೇಳಿದ, ಅದು ದೊಡ್ಡ ಮಾತು" ಎಂದು ಈ ಗೃಹಿಣಿಯು ಒಪ್ಪಿಕೊಂಡಳು. ಆದರೆ ಮಾಂಸ ಬೇಯಿಸದ ಒಲೆಯ ಮುಂದೆ ಹೊಸ ಪಾತ್ರೆ ಇಡುವ ಪ್ರಸಂಗ ಬಂದಾಗ, ಮಕ್ಕಳ ದೊಡ್ಡ ಕನಸಿನ ಸಣ್ಣ ಖರ್ಚೆಲ್ಲ ಮನೆಯ ಹೆಂಗಸಿನ ತಲೆಗೇ ಬರುವದೆಂದು ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆಯ ಶಾಲೆಯ ಮಕ್ಕಳಿಗೂ ಪೌಷ್ಟಿಕ ಆಹಾರದ ಕೊರತೆಯೇ ಮೊದಲ ತೊಡಕು. 2021ರ ಡಿಸೆಂಬರದಲ್ಲಿ ಕೊಪ್ಪಳವೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ತತ್ತಿ, ಒಲ್ಲದವರಿಗೆ ಬಾಳೆಯ ಹಣ್ಣು ಕೊಡುವ ಏರ್ಪಾಡು ಆರಂಭವಾದದ್ದು ಈ ಕಾರಣಕ್ಕಾಗಿಯೇ.

ಎಲ್ಲರೂ ಮೌನವಾದದ್ದು ಮದುವೆಯ ದೃಶ್ಯದಲ್ಲಿ. ಗೀತಾ-ಬಬಿತಾರ ಗೆಳತಿಯೊಬ್ಬಳಿಗೆ ಹದಿನಾಲ್ಕರಲ್ಲಿಯೇ ಮದುವೆ. ತಂದೆಯ ಕಾಟವನ್ನು ಇವರು ತೋಡಿಕೊಂಡಾಗ ಆ ಮದುಮಗಳು, ನಿಮ್ಮಪ್ಪ ನಿಮ್ಮನ್ನು ಮಕ್ಕಳೆಂದು ಎಣಿಸಿ ನಿಮ್ಮ ಮುಂದಿನ ಬಾಳನ್ನು ಚಿಂತಿಸುವನಲ್ಲಾ, ನನ್ನನ್ನಾದರೋ ಮುಖ ಕಾಣದವನಿಗೆ ಒಪ್ಪಿಸಿ ಭಾರ ಇಳಿಸಿಕೊಳ್ಳುತ್ತಿದ್ದಾರೆ ಎಂಬರ್ಥದ ಮಾತು ಹೇಳುತ್ತಾಳೆ. ಮರುದಿನದಿಂದ ಅಕ್ಕತಂಗಿಯರು ತಾವಾಗಿಯೇ ಎದ್ದು ಓಡತೊಡಗುತ್ತಾರೆ. ಈ ಮಾತಿನ ಅರ್ಥ ತಿಳಿದ ಮೇಲೆ ಅಜ್ಜಿಯು ತಂದೆಯನ್ನು ಬಯ್ಯುವದನ್ನು ನಿಲ್ಲಿಸಿದರು. ತಮಗೆ ಮದುವೆಯಾದಾಗ ಅಷ್ಟೂ ವಯಸ್ಸಾಗಿರಲಿಲ್ಲವೆಂದು ಅವರು ಬಹು ಹೊತ್ತಿನ ಮೇಲೆ ಹೇಳಿದರು.

ಚಿತ್ರದಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂದು ತರುಣರು ವಾದಿಸಿದರು. ಗೀತಾ ಫೋಗಾಟರು 2010ರ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 55 ಕಿಲೋ ವರ್ಗದಲ್ಲಿ ಚಿನ್ನ ಗೆದ್ದದ್ದು, ಆ ಕೂಟದ ಇತಿಹಾಸದಲ್ಲಿ ಭಾರತದ ಮಹಿಳೆಗೆ ಕುಸ್ತಿಯಲ್ಲಿ ದೊರೆತ ಮೊದಲ ಚಿನ್ನ ಅದಾದದ್ದು, ಬಬಿತಾರಿಗೆ ಅಂದು ಬೆಳ್ಳಿ, 2014ರಲ್ಲಿ ಗ್ಲಾಸ್ಗೋದಲ್ಲಿ ಚಿನ್ನ ದೊರೆತದ್ದು ನಿಜ. ಕಡೆಯ ಕುಸ್ತಿಯ ಹೊತ್ತಿಗೆ ತಂದೆಯನ್ನು ಕೋಣೆಯಲ್ಲಿ ಕೂಡಿಹಾಕುವ ಪ್ರಸಂಗ ಕಲ್ಪಿತ. ಆ ಕುಸ್ತಿಯೂ ಚಿತ್ರದಲ್ಲಿರುವಷ್ಟು ಬಿಗಿಯಾಗಿರಲಿಲ್ಲ. ತಂದೆಯನ್ನು ದೊಡ್ಡವನಾಗಿ ತೋರಿಸಲು ರಾಷ್ಟ್ರೀಯ ತರಬೇತಿಗಾರನನ್ನು ಕ್ಷುದ್ರನಾಗಿ ಚಿತ್ರಿಸಬೇಕಾಗಿರಲಿಲ್ಲವೆಂಬ ತರುಣರ ಆಕ್ಷೇಪಣೆಯು ನನಗೂ ಸಮ್ಮತವಾಗಿದೆ.

ಬೆಳ್ಳಿಯನ್ನು ಜನ ಮರೆಯುವರು, ಚಿನ್ನವನ್ನು ಮಾತ್ರ ನೆನೆಯುವರು ಎಂದು ಚಿತ್ರದ ತಂದೆಯು ಮಗಳಿಗೆ ಹೇಳುತ್ತಾನೆ. ಅದೇ ಮನೆತನದ ಮುಂದಿನ ಕಥೆಯು ಇದಕ್ಕೆ ಬೇರೆ ಉತ್ತರ ಕೊಟ್ಟಿದೆ. ಮಹಾವೀರರ ತಮ್ಮನ ಮಗಳು ವಿನೇಶರು 2024ರ ಆಗಸ್ಟದಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಅಂತಿಮ ಸುತ್ತನ್ನು ಮುಟ್ಟಿ, ತೂಕ ಕೇವಲ 100 ಗ್ರಾಂ ಹೆಚ್ಚಾದ ಕಾರಣ ಅನರ್ಹರಾದರು. ಬೆಳ್ಳಿಯೂ ಇಲ್ಲದೆ ಮರಳಿದರು. ಆದರೂ ದಿಲ್ಲಿಯಿಂದ ಬಲಾಲಿಯವರೆಗೆ ಜನರು ದಾರಿಯುದ್ದಕ್ಕೂ ಅವರನ್ನು ಎದುರುಗೊಂಡರು. ಪದಕವಿಲ್ಲದ ಮಗಳನ್ನೂ ಆದರಿಸಬಲ್ಲೆವೆಂದು ಆ ಜನ ತೋರಿಸಿಕೊಟ್ಟರು.

ಹಿರಿಯರೊಬ್ಬರಿಗೆ ಕನ್ನಡದ 'ಚಿನ್ನಾರಿ ಮುತ್ತ' ನೆನಪಾಯಿತು. ಟಿ. ಎಸ್. ನಾಗಾಭರಣರು 1993ರಲ್ಲಿ ತೆಗೆದ, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಚಿತ್ರವದು. ವಿಜಯ ರಾಘವೇಂದ್ರರು ಬಾಲಕರಾಗಿದ್ದಾಗ ಮುತ್ತನ ಪಾತ್ರವನ್ನು ಮಾಡಿದ್ದರು. ಆಸರೆಯಿಲ್ಲದ ಹಳ್ಳಿಯ ಹುಡುಗನ ಓಟದ ಬಲವು ಪಟ್ಟಣದಲ್ಲಿ ಬಲ್ಲವರ ಕಣ್ಣಿಗೆ ಬಿದ್ದು, ಅವನು ಓಟಗಾರನಾಗುತ್ತಾನೆ. ಮುತ್ತನಿಗೆ ಬೇಕಾಗಿದ್ದುದು ತನ್ನವರೆನ್ನುವ ಒಂದು ಮನೆ. ಗೀತಾಳಿಗೆ ಮನೆಯಿದ್ದೂ ಅದರ ಆಸೆಯ ಭಾರವೇ ಹೆಚ್ಚಾಯಿತು ಎಂದು ಅವರು ಹೋಲಿಸಿದರು.

ಇಷ್ಟೆಲ್ಲ ಮಾತಿನಲ್ಲಿ ಸುಮ್ಮನೆ ಕುಳಿತವಳೆಂದರೆ ಆ ಮನೆಯ ಮಗಳು. ಒಂಬತ್ತನೆಯ ಇಯತ್ತೆಯವಳು, ಶಾಲೆಯ ಕಬಡ್ಡಿಯ ತಂಡದವಳು. ಮಕ್ಕಳ ಪಂದ್ಯಗಳು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುವವಷ್ಟೆ. ವಲಯದ ಪಂದ್ಯದಲ್ಲಿ ಇವಳ ತಂಡವು ಗೆದ್ದಿತ್ತು. ತಾಲ್ಲೂಕಿಗೆ ಹೋಗಲು ತಂದೆಯ ಸಹಿ ಬೇಕಾಗಿತ್ತು. ಕಾಗದವು ನಾಲ್ಕು ದಿನದಿಂದ ಗೂಡಿನಲ್ಲಿಯೇ ಇದ್ದಿತು. ಅದೇ ವಾರ ಬಂಧುಗಳೊಬ್ಬರು ಇವಳ ಸಂಬಂಧದ ಮಾತೆತ್ತಿ ಹೋಗಿದ್ದರೆಂಬುದೂ ಓಣಿಗೆ ತಿಳಿದ ವಿಷಯವೇ. ಹದಿನೆಂಟು ತುಂಬುವ ಮೊದಲು ಹೆಣ್ಣಿನ ಮದುವೆಯು ಕಾಯಿದೆಗೆ ವಿರುದ್ಧ. ಆದರೂ ಮಾತೆತ್ತಿ ಇಡುವವರು ಇದ್ದೇ ಇರುವರು; ಹಾಗೆ ಎತ್ತಿಟ್ಟ ಮಾತೇ ಎಷ್ಟೋ ಹುಡುಗಿಯರನ್ನು ಆಟದ ಬಯಲಿನಿಂದ ಮನೆಯೊಳಗೆ ಕರೆದುಕೊಂಡಿದೆ.

ತರುಣನು ಅವಳ ಅಭಿಪ್ರಾಯವನ್ನು ಕೇಳಿದಾಗ ಅವಳು ಹೇಳಿದ್ದಿಷ್ಟು: "ಆ ಹುಡಿಗೇರಿಗೆ ಎರಡ ದಾರಿ ತೋರಿಸಿದ್ರು. ಕುಸ್ತಿ, ಇಲ್ಲಾ ಮದುವಿ. ನಿನಗೇನು ಬೇಕು ಅಂತ ಯಾರೂ ಕೇಳಲಿಲ್ಲ."

ವಾಚಕರೇ, ಆ ರಾತ್ರಿ ಕೇಳಿಬಂದ ಅಭಿಪ್ರಾಯಗಳಲ್ಲಿ ಚಿತ್ರದ ಮರ್ಮವನ್ನು ಮುಟ್ಟಿದ್ದು ಇದೊಂದೇ ಎಂದು ನನಗೆ ತೋರುತ್ತದೆ. ತಂದೆಯು ಒಳ್ಳೆಯವನೋ ಕಠೋರನೋ ಎಂದು ನಾವು ತೂಗುತ್ತ ಕುಳಿತೆವು. ಅವನು ಒಳ್ಳೆಯವನೇ ಇರಬಹುದು. ಊರ ನಿಂದೆಗೆ ಬೆನ್ನು ಕೊಟ್ಟು ಮಗಳನ್ನು ಮುಂದೆ ತಂದವನು ಸಾಮಾನ್ಯನಲ್ಲ. ಆದರೆ ಗೆಲುವು ಬಂದಿತೆಂದು ಕೇಳದೆ ಬಿಟ್ಟ ಪ್ರಶ್ನೆಯು ಇಲ್ಲದಂತಾಗುವದಿಲ್ಲ. ಅದೇ ಹಟ, ಅದೇ ಬಿಗಿಗಳಿಂದ ಬೆಳೆದು ಪದಕ ತಾರದೆ ಉಳಿದ ಮಕ್ಕಳ ಮೇಲೆ ಯಾರೂ ಚಿತ್ರ ತೆಗೆಯುವದಿಲ್ಲ. ಮಕ್ಕಳನ್ನು ಕೇಳುವದೆಂದರೆ ಅವರ ಮನಸ್ಸು ಬಂದಂತೆ ಬಿಡುವದೆಂದು ಕೆಲವರು ತಿಳಿಯುವರು. ಹಾಗಲ್ಲ. ದಾರಿಗಳನ್ನೆಲ್ಲ ತೋರಿಸಿ, ಒಂದೊಂದರ ಕಷ್ಟವನ್ನೂ ಹೇಳಿ, ಉತ್ತರಕ್ಕೆ ಕಾಯುವದು. ಆ ಉತ್ತರವು ನಮ್ಮ ಆಸೆಗೆ ಹೊಂದದಿದ್ದರೂ ಅದಕ್ಕೆ ಬೆಲೆ ಕೊಡುವದು.

ನಮ್ಮ ನಾಡಿನಲ್ಲಿಯೇ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಒಕ್ಕಲು ಮನೆತನದ ಮಮತಾ ಪೂಜಾರಿಯವರು ಕಬಡ್ಡಿ ಆಡಿ, 2014ರಲ್ಲಿ ಇಂಚೆನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು. ಅದೇ ವರ್ಷ ಅರ್ಜುನ ಪ್ರಶಸ್ತಿಯನ್ನೂ ಪಡೆದರು. ಎಲ್ಲ ಹುಡುಗಿಯರೂ ಅಲ್ಲಿಗೆ ಮುಟ್ಟಲಾರರು, ಮುಟ್ಟಬೇಕಾಗಿಯೂ ಇಲ್ಲ. ತಾಲ್ಲೂಕಿನ ಪಂದ್ಯದಲ್ಲಿ ಸೋತು, ಗೆಳತಿಯರೊಡನೆ ನಗುತ್ತ ಬಸ್ಸಿನಲ್ಲಿ ಮರಳಿ ಬಂದವಳಿಗೂ ಆ ದಿನವು ತನ್ನದೆಂಬ ಒಂದು ನೆನಪಾಗಿ ಉಳಿಯುವದು.

ಮರುದಿನ ಮುಂಜಾನೆ ತಂದೆಯು ಗೂಡಿನಿಂದ ಕಾಗದ ತೆಗೆದು, "ಯಾಕವ್ವಾ, ನಿನಗ ಆಡೂದು ಬೇಕೇನು?" ಎಂದು ಕೇಳಿದನಂತೆ.

"ಬೇಕಪ್ಪಾ. ಆದರ ಗೆದ್ದ ಬರ್ತೀನಂತ ಈಗ ಮಾತು ಕೊಡಂಗಿಲ್ಲ."

ಅವನು ಸಹಿ ಮಾಡಿದನು. ಸಂಬಂಧದ ಮಾತೆತ್ತಿದವರಿಗೆ, ಹುಡುಗಿ ಇನ್ನೂ ಓದುತ್ತಿದ್ದಾಳೆ, ಆಡುತ್ತಿದ್ದಾಳೆ ಎಂದು ಹೇಳಿ ಕಳಿಸುವ ಹೊಣೆಯನ್ನು ಅಜ್ಜಿಯು ಹೊತ್ತರು. ಪಂದ್ಯಕ್ಕೆ ಜೊತೆಗೆ ಹೋಗುವವರು ಯಾರೆಂಬುದು ಈ ಪುಟ ಬರೆಯುವ ಹೊತ್ತಿಗೆ ತೀರ್ಮಾನವಾಗಿರಲಿಲ್ಲ. ತಾಯಿಗೆ ಅಂದು ನಾಟಿಯ ಕೂಲಿ ತಪ್ಪುವದು.

ನಿಮ್ಮ ಮನೆಯಲ್ಲಿಯೂ ಈ ಚಿತ್ರವನ್ನು ನೋಡಿದ್ದರೆ, ದೊಡ್ಡವರ ಅಭಿಪ್ರಾಯದೊಡನೆ ಮಕ್ಕಳ ಅಭಿಪ್ರಾಯವನ್ನೂ ಕೇಳಿ ಬರೆದು ತಿಳಿಸಬೇಕಾಗಿ ವಿನಂತಿ. ಮಕ್ಕಳ ಪತ್ರಗಳಿಗೆ ಈ ಪುಟದಲ್ಲಿ ಮೊದಲ ಸ್ಥಾನ ಕೊಡಲಾಗುವದು.