ಸ್ಪೀಕರ್ ಪೆಟ್ಟಿಗೆಗೆ ಕಪ್ಪು ಸ್ಕ್ರೂ ಬೇಡ ಮಾರಾಯ್ರೆ

ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ ಮಾಡುವವರು ನಾಲ್ಕು ಜನ ಸೇರಿದರೆ ವಾಟ್ಸು, ಊಫರ್, ಕ್ರಾಸ್‌ಓವರ್ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಸ್ಕ್ರೂ ಯಾವುದು ಅಂತ ಕೇಳಿ ನೋಡಿ, "ಅದೆಂತ, ಅಂಗಡಿಯಲ್ಲಿ ಸಿಕ್ಕಿದ್ದು" ಅನ್ನುತ್ತಾರೆ. ಸಿಗುವುದು ಹೆಚ್ಚಾಗಿ ಜಿಪ್ಸಮ್ ಸೀಲಿಂಗಿಗೆ ಹಾಕುವ ಆ ಕಪ್ಪು ಸ್ಕ್ರೂ. ಅದರ ಮೇಲಿನ ನನ್ನ ಸಿಟ್ಟನ್ನೆಲ್ಲ ಇವತ್ತು ಇಲ್ಲಿ ಕಾರಿಕೊಳ್ಳುತ್ತೇನೆ, ಸಹಿಸಿಕೊಳ್ಳಿ :)

ಪೆಟ್ಟಿಗೆಯ ಹಲಗೆಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಅಲ್ಲಿ ಹಿಡಿದುಕೊಳ್ಳುವುದು ಗೋಂದು. ಗೋಂದು ಒಣಗುವವರೆಗೆ ಒತ್ತಿ ಹಿಡಿಯುವುದಷ್ಟೇ ಸ್ಕ್ರೂವಿನ ಕೆಲಸ. ಎಂಡಿಎಫ್ ಅಂಚಿಗೆ ಮೊದಲು ಸಣ್ಣ ತೂತು ಕೊರೆಯದೆ ಸ್ಕ್ರೂ ಹೊಡೆದರೆ ಮಾತ್ರ ಹಲಗೆ ಸೀಳುತ್ತದೆ, ಅಷ್ಟು ನೋಡಿಕೊಳ್ಳಿ.

ತಕರಾರು ಇರುವುದು ಡ್ರೈವರ್ ಕೂರಿಸುವಲ್ಲಿ. ಯಾಕೆಂದರೆ ಅದು ಮತ್ತೆ ಬಿಚ್ಚಲೇಬೇಕಾದ ಜಾಗ. ಡ್ರೈವರಿನ ಫೋಮ್ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ನಮ್ಮ ಕರಾವಳಿಯ ಸೆಖೆಗೆ ಇನ್ನೂ ಬೇಗ. ವಾಯ್ಸ್ ಕಾಯಿಲ್ ಸುಡಬಹುದು, ಬೆಸುಗೆ ಬಿಡಬಹುದು. ಆಗ ಬಿಚ್ಚುವವರು ನೀವೇ ಆಗಬೇಕೆಂದಿಲ್ಲ, ನಿಮ್ಮ ಮಗನೋ ರಿಪೇರಿ ಅಂಗಡಿಯ ಹುಡುಗನೋ ಇರಬಹುದು. ಕಪ್ಪು ಸ್ಕ್ರೂ ಗಟ್ಟಿ, ಆದರೆ ಪೆಡಸು. ಬಗ್ಗುವ ಬದಲು ಪಟ್ಟನೆ ತುಂಡಾಗುತ್ತದೆ, ಅರ್ಧ ಒಳಗೇ ಉಳಿಯುತ್ತದೆ. ಅದರ ತಲೆಯ ಅಡಿಭಾಗ ಬೆಣೆಯ ಹಾಗಿರುವುದರಿಂದ ಡ್ರೈವರಿನ ಚೌಕಟ್ಟಿನ ಮೇಲೆ ಸಮನಾಗಿ ಕೂರುವುದೂ ಇಲ್ಲ. ಅಲ್ಲಿಗೆ ಬೇಕಾದ್ದು ಅಡಿ ಚಪ್ಪಟೆಯಿರುವ ಪ್ಯಾನ್ ಹೆಡ್.

ಸರಿ, ಒಳ್ಳೆಯ ಮರದ ಸ್ಕ್ರೂ ಹಾಕಿದರೆ? ಪ್ಲೈವುಡ್ಡಿನಲ್ಲಿ ಪರವಾಗಿಲ್ಲ. ಎಂಡಿಎಫ್ ಅಂದರೆ ನಾರಿನ ಪುಡಿಯನ್ನು ಅಂಟು ಹಾಕಿ ಒತ್ತಿದ್ದು. ನಾಲ್ಕಾರು ಸಲ ಬಿಚ್ಚಿ ಹಾಕಿದರೆ ತೂತು ಸಡಿಲ, ಸ್ಕ್ರೂ ಸುಮ್ಮನೆ ತಿರುಗುತ್ತಿರುತ್ತದೆ. ಆಮೇಲೆ ಗಾಳಿ ಸೋರುತ್ತದೆ, ಮುಚ್ಚಿದ ಪೆಟ್ಟಿಗೆಯ ಬಾಸ್ ಸೊರಗುತ್ತದೆ, ನೀವು ಕ್ರಾಸ್‌ಓವರನ್ನು ಬೈಯುತ್ತೀರಿ. "ಎಷ್ಟೋ ಕಂಪನಿಯವರೇ ಮರದ ಸ್ಕ್ರೂ ಹಾಕ್ತಾರಲ್ಲ" ಅಂತೀರಾ? ಅವರು ಒಂದು ಸಲ ಹಾಕಿ ಮಾರುತ್ತಾರೆ. ನಾವು ಒಳಗಿನ ಹತ್ತಿ ಸ್ವಲ್ಪ ಕಮ್ಮಿ ಮಾಡೋಣ ಅಂತ ವಾರಕ್ಕೆರಡು ಸಲ ಬಿಚ್ಚುವ ಜಾತಿ!

ಅದಕ್ಕೇ ನನ್ನ ಓಟು ಟೀ ನಟ್ಟಿಗೆ, ಅಂದರೆ ಹಲಗೆಯ ಹಿಂದಿನಿಂದ ಕೂರುವ ಹಲ್ಲಿರುವ ನಟ್ಟು. ಮುಂದಿನಿಂದ ಮೆಷಿನ್ ಸ್ಕ್ರೂ. ಐದಾರು ಇಂಚಿನ ಡ್ರೈವರಿಗೆ ಎಂ4, ಎಂಟು-ಹತ್ತಕ್ಕೆ ಎಂ5, ಜಾತ್ರೆಗೆ ಲಾರಿ ಹತ್ತುವ ಹದಿನೈದು ಇಂಚಿನದಕ್ಕೆ ಎಂ6. ಟೀ ನಟ್ಟನ್ನು ಸುತ್ತಿಗೆಯಲ್ಲಿ ಹೊಡೆದು ಬಿಡಬೇಡಿ. ಅಂಚಿಗೆ ಒಂದಿಷ್ಟು ಎಪಾಕ್ಸಿ ಸವರಿ (ಥ್ರೆಡ್ಡಿಗೆ ತಾಗದ ಹಾಗೆ), ಮುಂದಿನಿಂದ ಬೋಲ್ಟು ವಾಶರ್ ಹಾಕಿ ಎಳೆದು ಕೂರಿಸಿ. ಇಲ್ಲದಿದ್ದರೆ ಡ್ರೈವರ್ ಕೂರಿಸುವಾಗ ನಟ್ಟು ಪೆಟ್ಟಿಗೆಯೊಳಗೆ ಟಣ್ ಅಂತ ಬೀಳುತ್ತದೆ. ಕೈ ಹಾಕಲು ಇದ್ದ ದಾರಿಯನ್ನು ಡ್ರೈವರೇ ಮುಚ್ಚಿರುತ್ತದೆ! ತೂತು ಅಂಚಿಗೆ ತೀರಾ ಹತ್ತಿರವಿದ್ದು ಟೀ ನಟ್ಟು ಹಿಡಿಸದಿದ್ದರೆ ಮುಂದಿನಿಂದ ತಿರುಗಿಸುವ ಹಿತ್ತಾಳೆ ಇನ್ಸರ್ಟ್ ಇದೆ. ಅದು ಹಲಗೆಯನ್ನು ಉಬ್ಬಿಸುತ್ತದೆ, ಆದ್ದರಿಂದ ತೂತಿನ ಬಾಯಿ ಸ್ವಲ್ಪ ಅಗಲ ಮಾಡಿಕೊಳ್ಳಿ.

ನಟ್ಟು, ಸ್ಕ್ರೂ ಒಂದೇ ಅಂಗಡಿಯಲ್ಲಿ ತಗೊಂಡು ಅಲ್ಲೇ ಕೈಯಲ್ಲಿ ತಿರುಗಿಸಿ ನೋಡಿ. ನಮ್ಮಲ್ಲಿ ಇಂಚಿನ ವಿಟ್‌ವರ್ತ್ ಥ್ರೆಡ್ ಇನ್ನೂ ಹೋಗಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಕೊಟ್ಟ ಅಳತೆಯ ಸಂತಾನ ಅದು. 3/16 ಇಂಚಿನದು ನೋಡಲು ಎಂ5ರ ಹಾಗೇ ಇದ್ದು, ಒಂದು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ.

ತಲೆ ಅಲೆನ್ ಕೀ ಹಿಡಿಸುವಂಥದ್ದಿರಲಿ. ಪ್ಲಸ್ ತಲೆಯಿಂದ ಸ್ಕ್ರೂಡ್ರೈವರ್ ಜಾರಿದರೆ ಅಯಸ್ಕಾಂತ ಅದನ್ನು ನೇರ ಕೋನಿನ ಕಡೆಗೇ ಎಳೆಯುತ್ತದೆ.

ಈಗಾಗಲೇ ಮರದ ಸ್ಕ್ರೂ ಇರುವ ಪೆಟ್ಟಿಗೆಯಾದರೆ, ವಾಪಸ್ ಹಾಕುವಾಗ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ಟಕ್ ಅಂತ ಹಳೆಯ ಥ್ರೆಡ್ಡಿಗೆ ಇಳಿದದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಬಿಗಿ ಮಾಡಿ, ಕೈಯಲ್ಲೇ. ಡ್ರಿಲ್ ಮೆಷಿನ್ ಪಕ್ಕಕ್ಕಿಡಿ.