ಪಾರ್ಥೇನಿಯಂ ಕಳೆಯೂ ಕಾಯಿದೆಯೂ

ಅಮೆರಿಕಾ ಖಂಡದಿಂದ ಬಂದ ಪಾರ್ಥೇನಿಯಂ ಕಳೆಯು 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು, ಬಳಿಕ ನಮ್ಮ ಹೊಲಗಳಿಗೂ ಹಬ್ಬಿತು. ಕರ್ನಾಟಕ ಸರ್ಕಾರದವರು 1975ರಲ್ಲಿಯೇ ಇದನ್ನು ಹಾನಿಕರವಾದ ಕಳೆಯೆಂದು ಸಾರಿದರೂ ಇಂದಿಗೂ ಅದು ನಿರ್ಮೂಲವಾಗಿಲ್ಲ.

ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದು. ಒಬ್ಬ ರೈತನು ಶ್ರಮಪಟ್ಟು ಕಿತ್ತರೂ, ನೆರೆಯ ಬೀಳಿನಿಂದಲೂ ಕೆರೆಯ ಏರಿಯಿಂದಲೂ ಬೀಜವು ಗಾಳಿ ನೀರುಗಳೊಡನೆ ಮರಳಿ ಬರುವುದು. ಆದಕಾರಣ ಎಲ್ಲರನ್ನೂ ಒಂದೇ ಕರ್ತವ್ಯಕ್ಕೆ ಕಟ್ಟುವ ಕಾಯಿದೆಯು ಅವಶ್ಯಕವೇ ಸರಿ. ಆದರೆ ಸಾರ್ವಜನಿಕ ಭೂಮಿಯನ್ನು ಮೊದಲು ಶುಚಿಮಾಡದೆ ಬಡರೈತನನ್ನು ದಂಡಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯವು.

ಗ್ರಾಮದ ಮುಖಂಡರೂ ಭೂಮಾಲೀಕರೂ ಮಳೆ ಬಿದ್ದೊಡನೆ, ಗಿಡವು ಹೂ ಬಿಡುವುದಕ್ಕೆ ಮುಂಚೆ, ಊರೆಲ್ಲ ಒಂದೇ ವಾರದಲ್ಲಿ ಕಳೆ ಕೀಳುವಂತೆ ಏರ್ಪಡಿಸತಕ್ಕದ್ದು. ಬರಿಗೈಯಿಂದ ಮುಟ್ಟಿದರೆ ಚರ್ಮರೋಗವು ಉಂಟಾಗಬಹುದಾದುದರಿಂದ ಆಳುಗಳಿಗೆ ಕೈಚೀಲಗಳನ್ನು ಒದಗಿಸುವುದು ಯುಕ್ತವು.