ಮಗು ‘ಕೊಡ್ದೆ’ ಎಂದರೆ ಗದರಬೇಡಿ

ಕಳೆದ ವಾರ ನನ್ನ ತಂಗಿ ಮಗಳನ್ನು ಕರೆದುಕೊಂಡು ಬಂದಿದ್ದಳು. ನಾಲ್ಕು ವರ್ಷದ ಚೂಟಿ ಹುಡುಗಿ. ಅಡುಗೆಮನೆಗೆ ಓಡಿ ಬಂದವಳೇ, “ದೊಡ್ಡಮ್ಮಾ, ಅಜ್ಜಿಗೆ ಚಕ್ಕುಲಿ ಕೊಡ್ದೆ!” ಅಂದಳು. ತಂಗಿಗೆ ಕಸಿವಿಸಿ. “ಕೊಟ್ಟೆ ಅನ್ನೇ! ಹೋದ ವರ್ಷ ಸರಿಯಾಗೇ ಹೇಳ್ತಿದ್ಲು ಅಕ್ಕ, ದೊಡ್ಡವಳಾಗ್ತಾ ದಡ್ಡಿ ಆಗ್ತಿದ್ದಾಳೆ” ಎಂದು ಪೇಚಾಡಿಕೊಂಡಳು.

ನನಗೆ ನನ್ನ ಹಿರಿಮಗನ ನೆನಪಾಯಿತು. ಅವನೂ ಹಾಗೇ “ಇಡ್ದೆ”, “ಬಿಡ್ದೆ” ಅನ್ನುತ್ತಿದ್ದ. ನಾನು ತಲೆಗೆ ಮೊಟಕಿ ಹತ್ತು ಸಲ ಸರಿಯಾಗಿ ಹೇಳಿಸುತ್ತಿದ್ದೆ. ನೆಂಟರೆದುರು ಅಣಕಿಸಿದ್ದೂ ಉಂಟು. ಆಮೇಲೆ ಮನೆಗೆ ಯಾರೇ ಬರಲಿ, ಅವನು ನನ್ನ ಸೆರಗಿನ ಹಿಂದೆ ನಿಂತು ತಲೆಯಾಡಿಸುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆಗ ನನಗೆ ತಿಳಿವಳಿಕೆ ಸಾಲದು.

ನೀವೇ ಯೋಚಿಸಿ ಸೋದರಿಯರೇ, “ಕೊಡ್ದೆ” ಅಂತ ನಮ್ಮ ಮನೆಗಳಲ್ಲಿ ದೊಡ್ಡವರು ಯಾರಾದರೂ ಅನ್ನುತ್ತಾರೆಯೇ? ಇಲ್ಲ. ಹಾಗಾದರೆ ಮಗು ಅದನ್ನು ಕಲಿತದ್ದೆಲ್ಲಿ? ಆಡ್ದೆ, ಓಡ್ದೆ, ನೋಡ್ದೆ, ಮಾಡ್ದೆ ಎನ್ನುವುದನ್ನೆಲ್ಲ ಕೇಳಿ ಕೇಳಿ ತಾನೇ ಒಂದು ಸೂತ್ರ ಕಟ್ಟಿಕೊಂಡಿದೆ. ಹೋದ ವರ್ಷದ “ಕೊಟ್ಟೆ” ಗಿಣಿಪಾಠ, ಈ ವರ್ಷದ “ಕೊಡ್ದೆ” ಸ್ವಂತ ಬುದ್ಧಿ!

ಭಾಷೆಯ ಮನಶ್ಶಾಸ್ತ್ರದಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದವರು ಜೀನ್ ಬರ್ಕೊ ಎಂಬ ಅಮೆರಿಕದ ಹೆಣ್ಣುಮಗಳು. ಅದು ಪ್ರಕಟವಾದದ್ದು 1958ರಲ್ಲಿ. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಹಕ್ಕಿಯಂಥ ಒಂದು ವಿಚಿತ್ರ ಪ್ರಾಣಿಯ ಚಿತ್ರ ತೋರಿಸಿ “ಇದು ವಗ್” ಎಂದರು. ಇಂಗ್ಲಿಷಿನಲ್ಲಿ ಅಂಥ ಪದವೇ ಇರಲಿಲ್ಲ, ಆಕೆಯೇ ಹುಟ್ಟುಹಾಕಿದ್ದು. ಆಮೇಲೆ ಅಂಥವೇ ಎರಡನ್ನು ತೋರಿಸಿ “ಈಗ ಎರಡು...?” ಎಂದು ನಿಲ್ಲಿಸಿದರೆ, ಬಹುಪಾಲು ಮಕ್ಕಳು “ವಗ್ಸ್” ಎಂದವು. ಎಂದೂ ಕೇಳದ ಪದಕ್ಕೆ ಬಹುವಚನ!

ನಾನೂ ಸುಮ್ಮನಿರಲಿಲ್ಲ. ಗೊಂಬೆಯನ್ನು ಆಚೀಚೆ ವಾಲಾಡಿಸಿ, “ಗೊಂಬೆ ಗಿಮುಕ್ತಾ ಇದೆ. ನಿನ್ನೇನೂ ಹೀಗೇ ಮಾಡ್ತು. ನಿನ್ನೆ ಗೊಂಬೆ ಏನ್ಮಾಡ್ತು ಹೇಳು?” ಎಂದೆ. “ಗಿಮುಕ್ತು” ಅಂದಳು, ತಡವರಿಸದೆ. ತಂಗಿ ಬೆರಗಾಗಿ ನೋಡಿದಳು. ನೀವೂ ಮಾಡಿ ನೋಡಿ, ಕಾಸಿನ ಖರ್ಚಿಲ್ಲ.

ಹಾಗಾದರೆ ತಿದ್ದುವುದೇ ಬೇಡವೇ ಅಂತೀರಾ? ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ಬರೆದ ಪ್ರಕಾರ, ಅವರು ಗಮನಿಸಿದ ತಾಯಂದಿರು ಮಗು ಹೇಳಿದ್ದು ನಿಜವೋ ಸುಳ್ಳೋ ಎಂಬುದನ್ನು ತಿದ್ದುತ್ತಿದ್ದರೇ ಹೊರತು ವ್ಯಾಕರಣವನ್ನಲ್ಲ. ಆದರೂ ಆ ಮಕ್ಕಳು ಮಾತು ಕಲಿತವು. ನೀವು “ಓಹೋ, ಅಜ್ಜಿಗೆ ಕೊಟ್ಟೆಯಾ? ಎಷ್ಟು ಕೊಟ್ಟೆ?” ಅಂತ ಉತ್ತರ ಕೊಡಿ, ಸಾಕು. ಸರಿಯಾದ ಮಾತು ಕಿವಿಗೆ ಬೀಳುತ್ತಿರಲಿ. (ಮಗು ಮಾತೇ ಆಡದಿದ್ದರೆ, ಕೂಗಿದರೂ ತಿರುಗಿ ನೋಡದಿದ್ದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ. ಅದು ಬೇರೆ ವಿಷಯ.)

ಸಂಜೆ ಹುಡುಗಿ ಮತ್ತೆ ಓಡಿ ಬಂದಳು. “ಅಮ್ಮಾ, ಅಜ್ಜಿ ಚಕ್ಕುಲಿ ಡಬ್ಬ ಮೇಲೆ ಇಡಿದ್ರು!” ತಂಗಿ ಗದರಲು ಬಾಯಿ ತೆರೆದವಳು ನನ್ನ ಮುಖ ನೋಡಿದಳು. “ಹೌದಾ? ಎಲ್ಲಿಟ್ರು?” ಅಂದಳು.

“ಮೇಲೇ ಇಡಿದ್ರು” ಎಂದಿತು ಮಗು, ಇನ್ನೂ ಜೋರಾಗಿ.